ಬಾಗಿಲ ಕೆಳಗಿನ ಸಂದಿ

ಒಪ್ಕೊಂಡ್ಬಿಟ್ಳು ಮ್ಯಾಮ್, ಆರೆನ್ಲಾ ಸ್ಟೇಷನ್ನಿಗೆ ಬರ್ತಾಳಂತೆ, ಹೇಳಿಕೆ ಕೊಡ್ತಾಳಂತೆ! — ಸಂಪಿಗೆ ರಸ್ತೇಲಿ ಹೂವಿನೋರೆಲ್ಲ ತಿರುಗಿ ನೋಡೋ ಹಂಗೆ ಕಿರುಚಿದೆ ಫೋನಲ್ಲಿ, ವಾಣಿ ಮ್ಯಾಮ್ ಮಾತ್ರ ಮೆಲ್ಲಗೆ, ಶರಣ್ಯ, ಮೊದ್ಲು ಉಸಿರಾಡಮ್ಮ, ನಾಳೆ ಹತ್ತಕ್ಕೆ ನೀನೇ ಹೋಗಿ ಕರ್ಕೊಂಡ್ಬಾ, ಅವಳು ಬಾಯಿ ಬಿಡ್ಲಿಲ್ಲ ಅಂದ್ರೆ ಕೇಸ್ ಅಲ್ಲಿಗೇ ಮುಗೀತು, ಗೊತ್ತಲ್ಲ — ಗೊತ್ತು, ಗೊತ್ತು, ಅವಳನ್ನ ಹೊಡೆದ ಆ ಹುಡುಗ್ರು ಇವತ್ತೂ ಅವಳ ಬೀದಿ ಮೂಲೇಲೇ ಟೀ ಕುಡೀತಿದ್ರು, ನಂಗೆ ದಾರಿ ಬೇರೆ ಬಿಟ್ರು, ಹೋಗಿ ಸಿಸ್ಟರ್ ಅಂತ, ನಮ್ಮಣ್ಣನ ಥರಾನೇ ಇದಾರೆ ನೋಡೋಕೆ — ನಾನೋ ಎಂ.ಎಸ್.ಡಬ್ಲ್ಯು. ಫೀಲ್ಡ್‌ವರ್ಕು, ಕೊರಳಲ್ಲಿ ಟ್ಯಾಗು, ದೊಡ್ಡ ಜನ, ನಮ್ಮನೇಲಿ ಬಿಡೋ ಹಂಗೇ ಚಪ್ಪಲಿ ಹೊರಗೆ ಬಿಟ್ಟು ಅವಳ ರೂಮೊಳಗೆ ಕಾಲಿಟ್ಟೆ, ಪಾರ್ಲರಲ್ಲಿ ಎಲ್ರ ಕೂದ್ಲೂ ನಗ್ತಾ ನಗ್ತಾ ಕತ್ತರಿಸ್ತಿದ್ದೋಳು, ಈಗ ಒಂದು ಕೈಗೆ ಪಟ್ಟಿ, ಇನ್ನೊಂದರಲ್ಲಿ ಬಗ್ಗಿ ಬಾಚ್ಕೊಂಡ್ಳು ನನ್ನ ಚಪ್ಪಲೀನ, ಚಿಲಕ ಹಾಕಿ ಎದೆಗೆ ಒತ್ಕೊಂಡ್ಳು, ಮಗು ಥರ, ಹೊರಗೆ ಬಿಡ್ಬೇಡ ಅಂದ್ಳು, ಅವತ್ತು ಲೈಟ್ ಆರಿಸಿ ಕೂತಿದ್ದೆ, ಚಪ್ಪಲಿ ನೋಡ್ಬಿಟ್ರು, ಒಳಗಿದಾಳೆ ಕಣೋ ಅಂದ್ರು, ರೂಮ್ ಖಾಲಿ ಮಾಡು, ನಿಮ್ಮ ದೇಶಕ್ಕೆ ಹೋಗು ಅಂತ — ನಾಗಾಲ್ಯಾಂಡ್ ಯಾವ ದೇಶ ಹಂಗಾದ್ರೆ — ಬಾಗಿಲು ಮುರಿಯೋವರೆಗೂ ಅವಳಿಗೆ ಕಂಡಿದ್ದು ಬಾಗಿಲ ಕೆಳಗಿನ ಸಂದಿ, ಸಂದೀಲಿ ಬೆಳಕು, ಬೆಳಕಲ್ಲಿ ಶೂಗಳು.

ಅಷ್ಟರಲ್ಲಿ ಯಾರೋ ತಟ್ಟಿದ್ರು, ನಿಜವಾಗ್ಲೂ, ನಾನಿರೋವಾಗ್ಲೇ, ಅಕ್ಕಾ, ಅಕ್ಕಾ, ಬಾಗ್ಲು ತೆಗೀರಿ, ಕನ್ನಡ, ನಂದೇ ಕನ್ನಡ, ಯಾರದು ಅಂತ ಕೇಳಿದ್ರೆ ಮುಗೀತಿತ್ತು, ಕೇಳ್ಲಿಲ್ಲ, ಮಂಚದ ಪಕ್ಕ ಇಬ್ರೂ ಕುಕ್ಕರಗಾಲಲ್ಲಿ, ಅವಳ ಕೈ ನನ್ನ ಕೈಯೊಳಗೋ ನನ್ನದು ಅವಳದರೊಳಗೋ, ಸಂದೀಲಿ ಎರಡು ಪಾದ, ಧಡ್ ಅಂತ ಏನೋ ಇಳಿಸಿದ್ದು, ಪಾದ ಹೋಯ್ತು — ಥೂ, ನೀರಿನ ಕ್ಯಾನ್ ತಂದೋನು ಗುರೂ! — ಆಗ ನಕ್ಳು ಅವಳು, ನಿಂಗೂ ಭಯ ಆಗುತ್ತಾ, ನಕ್ಕು ನಕ್ಕು ಕಣ್ಣೊರೆಸ್ಕೊಂಡು, ಸರಿ, ಬರ್ತೀನಿ ನಾಳೆ, ಆದ್ರೆ ತಟ್ಬೇಡ, ಹೆಸರು ಕೂಗ್ಬೇಡ, ಚಪ್ಪಲಿ ಬಿಚ್ಚಿ ಬಾಗಿಲ ಮುಂದೆ ಇಡು, ನಿಂದೇ ಅಂತ ನೋಡಿ ತೆಗೀತೀನಿ. ಮನೆಗೆ ಬಂದ್ರೆ, ಏಯ್, ಏನೇ ಇದು, ಚಪ್ಪಲಿ ಹಿಡ್ಕೊಂಡು ನಡುಮನೆಗೇ ಬಂದಿದೀಯ, ಅಜ್ಜಿ ಬೈತಿದಾರೆ, ನೋಡ್ತೀನಿ, ಹೌದು, ಕೈಯಲ್ಲೇ ಇದೆ, ಯಾವಾಗ ಎತ್ಕೊಂಡೆ — ಹೊರಗೆ ಬಿಡ್ಬೇಕು, ಬಿಡೋಕಾಗ್ತಿಲ್ಲ — ನಾಳೆ ಹತ್ತಕ್ಕೆ ಇವನ್ನೇ ಅವಳ ಬಾಗಿಲ ಮುಂದೆ ಇಟ್ಟು ನಿಂತ್ಕೋಬೇಕು, ಬರಿಗಾಲಲ್ಲಿ, ಬೆನ್ನ ಹಿಂದೆ ಟೀ ಅಂಗಡಿ, ಅವಳು ಒಳಗೆ ನೆಲಕ್ಕೆ ಕೆನ್ನೆ ಇಟ್ಟು ನೋಡ್ತಿರ್ತಾಳೆ, ಹತ್ತಕ್ಕೆ, ಸಂದಿ, ಸಂದೀಲಿ ಬೆಳಕು, ಬೆಳಕಲ್ಲಿ ಚಪ್ಪಲಿ, ಚಪ್ಪಲಿ ಪಕ್ಕ —