ಶುಕೂರ ಹೇಳಿದ್ದು

ಸೆಟೆದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಅಕ್ಕ ಬರ್ತಾ ತೀರಿಹೋದ ತಂಗಿ ಬೆನೆಡಿಕ್ಟಾಳ ಕೈಗೆ ಜಪಸರ ಸುತ್ತುತ್ತಿದ್ದಳು. ತಮ್ಮ ಕಜೆಟನ್ ಬಂದು ಕಿವಿಯಲ್ಲಿ ಹೇಳಿದ: “ಬರ್ತಕ್ಕ, ಗೇಟಿನ ಹತ್ತಿರ ಒಬ್ಬರು ಬ್ಯಾರಿ ಹೆಂಗಸು ನಿಂತಿದ್ದಾರೆ. ಉಚ್ಚಿಲದವರಂತೆ. ಒಳಗೆ ಕರೆದರೆ ಬರುವುದಿಲ್ಲ.”

ಬರ್ತಾಳ ಕೈ ನಿಂತಿತು. ಐಸಮ್ಮ. ಆ ಹೆಂಗಸಿಗೆ ಒಂದು ಮಾತು ಹೇಳಲೇಬೇಕಿತ್ತು. ಸಾಯುವ ಮೊದಲು ಬೆನೆಡಿಕ್ಟಾ ಆಣೆ ಹಾಕಿಸಿಕೊಂಡದ್ದು ಅದೊಂದಕ್ಕೇ.

“ಜಗಲಿಯಲ್ಲಿ ಕೂರಿಸು. ಬಂದೆ.”

ಕಾಪುವಿನ ಆ ಮನೆಯಂಗಳದ ಚಪ್ಪರದಡಿ ಜನ ಸೇರುತ್ತಿದ್ದರು. ನೆರೆಮನೆಯ ಸಿರಿಲ್ ಯಾರಿಗೋ ಹೇಳುತ್ತಿದ್ದ: “ಇಂಗ್ಲಿಷ್ ಎಂ.ಎ. ಮಾರಾಯ್ರೆ, ಎಪ್ಪತ್ತನೇ ಇಸವಿಯಲ್ಲಿ! ಕಾಲೇಜಿಗೆ ಸೇರಿದ್ದರೆ ಇಷ್ಟೊತ್ತಿಗೆ ಪ್ರಿನ್ಸಿಪಾಲ್. ಬ್ಯಾಂಕಿಗಾದರೆ ಮೆನೇಜರ್.”

“ಆಸ್ಪತ್ರೆಯಲ್ಲಿ ಅವರಿಗೆ ಎಂತ ಕೆಲಸ ಇದ್ದದ್ದು?”

“ಡಾಕ್ಟರು ಹೇಳಿದ್ದನ್ನು ಜನರಿಗೆ ಹೇಳುವುದು. ಕೆಟ್ಟ ಸುದ್ದಿಯೆಲ್ಲ ಅವಳ ಬಾಯಿಯಿಂದಲೇ ಬರಬೇಕು. ಕಡೆಕಡೆಗೆ ಬಸ್ಸಿನಲ್ಲಿ ಅವಳ ಪಕ್ಕ ಕೂರಲಿಕ್ಕೂ ಜನ ಹೆದರುತ್ತಿದ್ದರು, ಅಲ್ವಾ?”

*

ಮೈಸೂರಿನಲ್ಲಿ ಓದು ಮುಗಿಸಿ ಬಂದ ಬೆನೆಡಿಕ್ಟಾಳಿಗೆ ಬೇಕಾಗಿದ್ದದ್ದು ಪಾಠ ಹೇಳುವ ಕೆಲಸ. ಕಾರ್ಕಳದಲ್ಲೊಂದು ಸಂದರ್ಶನ, ಉಡುಪಿಯಲ್ಲಿ ಇನ್ನೊಂದು. ಎರಡೂ ಬೇರೆಯವರ ಪಾಲಾದವು. ಆಗ ಸಿಕ್ಕಿದ್ದು ಮಣಿಪಾಲದ ಆಸ್ಪತ್ರೆಯ ಕೆಲಸ. ದೂರದ ಊರುಗಳಿಂದ ಬಂದ ಡಾಕ್ಟರರಿಗೆ ಇಲ್ಲಿಯ ಭಾಷೆ ಬಾರದು, ರೋಗಿಗಳಿಗೆ ಇಂಗ್ಲಿಷ್ ಬಾರದು. ತುಳು, ಕೊಂಕಣಿ, ಬ್ಯಾರಿ, ಕನ್ನಡ ನಾಲ್ಕನ್ನೂ ಬಲ್ಲ ಬೆನೆಡಿಕ್ಟಾ ನಡುವೆ ನಿಂತಳು. ಬರೆದವನು ಹೇಳದ್ದನ್ನು ನೀವು ಸೇರಿಸಬೇಡಿ ಎಂದು ಮೈಸೂರಿನ ಅಧ್ಯಾಪಕರು ಕಲಿಸಿದ್ದನ್ನು ಅಲ್ಲಿಯೂ ಪಾಲಿಸಿದಳು.

ಎಪ್ಪತ್ತೇಳರಲ್ಲಿ ಶುಕೂರನನ್ನು ತಂದರು. ಮಲ್ಪೆಯಲ್ಲಿ ಬೋಟಿನಿಂದ ಬಿದ್ದು ತಲೆಗೆ ಪೆಟ್ಟಾಗಿತ್ತು. ಸುದ್ದಿ ತಿಳಿದು ತಾಯಿ ಐಸಮ್ಮ ಓಡಿ ಬರುವಾಗ ಮುಖಕ್ಕೆ ಬಟ್ಟೆ ಮುಚ್ಚಿಯಾಗಿತ್ತು. ಡಾಕ್ಟರು ಇಂಗ್ಲಿಷಿನಲ್ಲಿ ಹೇಳಿದರು: ಪ್ರಜ್ಞೆ ಬರಲೇ ಇಲ್ಲ, ಒಂದು ಮಾತೂ ಆಡಲಿಲ್ಲ.

ಐಸಮ್ಮ ಬೆನೆಡಿಕ್ಟಾಳ ಬಾಯಿಯನ್ನೇ ನೋಡುತ್ತಿದ್ದರು. “ನನ್ನನ್ನು ಕೇಳಿದನಾ?”

“ಕೇಳಿದ,” ಎಂದಳು ಬೆನೆಡಿಕ್ಟಾ. “ಉಮ್ಮ ಬಂದರಾ ಅಂತ ಕೇಳಿದ.”

ಮರುವರ್ಷ ಅದೇ ತಿಂಗಳಲ್ಲಿ ಐಸಮ್ಮ ಕಾಪುವಿನ ಮನೆ ಹುಡುಕಿಕೊಂಡು ಬಂದರು. ಇನ್ನೊಮ್ಮೆ ಕೇಳಬೇಕಂತೆ. ಮೆಲ್ಲ ಹೇಳಿದನೋ, ಗಟ್ಟಿಯಾಗಿಯೋ? ಅಳುತ್ತಿದ್ದನೋ? ಬೆನೆಡಿಕ್ಟಾ ಹೇಳಿದಳು. ಆಮೇಲೆ ಪ್ರತಿ ವರ್ಷವೂ ಬಂದರು, ಪ್ರತಿ ವರ್ಷವೂ ಶುಕೂರ ಇನ್ನಷ್ಟು ಮಾತಾಡಿದ. ನೀರು ಕೇಳಿದ. ಕಿಟಕಿ ತೆರೆಯಿರಿ ಎಂದ. ತಂಗಿ ರಾಬಿಯಾಳ ಮದುವೆಯ ಮಾತೆತ್ತಿದ.

ನಡುವೆ ಒಂದು ಕಾಲೇಜಿನಿಂದ ಕರೆ ಬಂತು. ಬೆನೆಡಿಕ್ಟಾ ಹೋಗಲಿಲ್ಲ. ಬರ್ತಾ ಬೈದಾಗ ಹೇಳಿದ್ದಿಷ್ಟೇ: “ತರಗತಿಯಲ್ಲಿ ನಿಂತು ನಾನು ಇನ್ನು ಎಂತ ಕಲಿಸುವುದು, ಅಕ್ಕ?”

ಹೋದ ವಾರ, ಮಾತು ನಿಲ್ಲುವ ಮೊದಲು, ಅವಳು ಬರ್ತಾಳ ಕೈ ಹಿಡಿದುಕೊಂಡಳು. “ಅವನ ದನಿ ಈಗ ನನಗೆ ಕೇಳುತ್ತದೆ. ಒಂದು ಸಲವೂ ಕೇಳದ ದನಿ, ನಾನೇ ಕಟ್ಟಿದ್ದು. ಬಾಗಿಲ ಹತ್ತಿರ ನಿಂತು ಉಮ್ಮ ಬಂದರಾ ಅಂತಾನೆ. ನಾನು ಹೋದ ಮೇಲೆ ಐಸಮ್ಮನಿಗೆ ನಿಜ ಹೇಳು ಅಕ್ಕ. ಇಲ್ಲದಿದ್ದರೆ ಅವನು ಸುಮ್ಮನಾಗುವುದಿಲ್ಲ.”

“ಹೇಳುತ್ತೇನೆ,” ಎಂದಿದ್ದಳು ಬರ್ತಾ. ಆ ಸುಳ್ಳು ಅವಳಿಗೆ ಮೊದಲಿನಿಂದಲೂ ಹಿಡಿಸಿರಲಿಲ್ಲ.

*

ಐಸಮ್ಮ ಜಗಲಿಯ ತುದಿಯಲ್ಲಿ ಗೋಡೆಗೆ ಒರಗಿದ್ದರು. “ಬಸ್ಸಿನಲ್ಲಿ ಯಾರೋ ಹೇಳಿದರು, ಆಸ್ಪತ್ರೆಯ ಬಾಯಮ್ಮ ಹೋದರು ಅಂತ. ಮಗ ಕಡೆಗೆ ಮಾತಾಡಿದ್ದು ಇವರೊಬ್ಬರ ಹತ್ತಿರ. ಇವತ್ತು ಅವನನ್ನು ಇನ್ನೊಂದು ಸಲ ಮಣ್ಣು ಮಾಡಿದ ಹಾಗೆ ಆಗ್ತದೆ ನನಗೆ.”

ಬರ್ತಾ ಪಕ್ಕದಲ್ಲಿ ಕುಳಿತಳು. “ಐಸಮ್ಮ, ಒಂದು ವಿಷಯ ಹೇಳಲಿಕ್ಕುಂಟು. ಶುಕೂರನದ್ದು.”

ಐಸಮ್ಮ ತಲೆವಸ್ತ್ರವನ್ನು ಕಿವಿಯ ಹಿಂದಕ್ಕೆ ಸರಿಸಿ ಹತ್ತಿರ ಜರುಗಿದರು. “ನನಗೆ ಹೇಳದೆ ಉಳಿದದ್ದು ಉಂಟಾ? ನಿಮ್ಮ ಹತ್ತಿರ ಹೇಳಿ ಹೋಗಿದ್ದಾರಾ?”

ಅವನು ಮಾತಾಡಲೇ ಇಲ್ಲ. ಹೇಳಬೇಕಾದದ್ದು ಅಷ್ಟೇ. ಬರ್ತಾ ಬಾಯಿ ತೆರೆದಳು. ಒಳಗೆ ಪೆಟ್ಟಿಗೆಯ ಮುಚ್ಚಳಕ್ಕೆ ಮೊಳೆ ಬಡಿಯುತ್ತಿದ್ದರು.

“ಅವನು...” ಎಂದಳು. “ಉಮ್ಮ ಉಣ್ಣದೆ ಕಾಯುತ್ತಾರೆ, ಉಣ್ಣಲಿಕ್ಕೆ ಹೇಳಿ ಅಂದನಂತೆ.”

ಐಸಮ್ಮನ ಕಣ್ಣಿಂದ ನೀರು ಇಳಿಯಿತು. “ಹೌದು. ಅವತ್ತು ನಾನು ಅನ್ನ ಮುಟ್ಟಿರಲಿಲ್ಲ. ಅದನ್ನು ಇವತ್ತಿನವರೆಗೆ ನಾನು ಯಾರಿಗೂ ಹೇಳಿಲ್ಲ, ಬಾಯಮ್ಮ. ಯಾರಿಗೂ.”

ಬರ್ತಾಳಿಗೆ ಬಾಗಿಲ ಕಡೆ ತಿರುಗಿ ನೋಡುವ ಧೈರ್ಯವಾಗಲಿಲ್ಲ.

“ಬರ್ತಕ್ಕಾ, ಎತ್ತುತ್ತಾರೆ, ಬನ್ನಿ!” ಕಜೆಟನ್ ಕರೆದ. ಪೆಟ್ಟಿಗೆ ಹೊಸ್ತಿಲು ದಾಟಿ ಅಂಗಳಕ್ಕಿಳಿಯಿತು. ಬರ್ತಾ ಏಳಹೋದಳು. ಮಣಿಕಟ್ಟು ಐಸಮ್ಮನ ಹಿಡಿತದಲ್ಲಿತ್ತು.

“ಮತ್ತೆ?” ಎಂದರು ಐಸಮ್ಮ. “ಮತ್ತೆ ಎಂತ ಹೇಳಿದ?”

ಶವಯಾತ್ರೆಯ ಹಾಡು ಗೇಟು ದಾಟಿ ರಸ್ತೆಗುಂಟ ದೂರವಾಯಿತು. ಬರಿದಾದ ಮನೆಯ ಜಗಲಿಯಲ್ಲಿ ಇಬ್ಬರು ಹೆಂಗಸರು ಮೊಣಕಾಲಿಗೆ ಮೊಣಕಾಲು ತಾಗಿಸಿ ಕುಳಿತಿದ್ದರು. ಒಬ್ಬಳು ತಲೆ ತಗ್ಗಿಸಿ ಹೇಳುತ್ತಿದ್ದಳು. ಇನ್ನೊಬ್ಬರು ಅವಳ ತುಟಿಗಳನ್ನೇ ನೋಡುತ್ತಿದ್ದರು.