ಪೈಲ್ವಾನನ ಪಾಳಿ

ಬಳ್ಳಾರಿಯಲ್ಲಿ ಕಂಬಳಿ ಮಾರಿ ಯಂಕಮ್ಮ ಕುರುಗೋಡಿನ ತನ್ನ ಹಟ್ಟಿಗೆ ಬಂದಾಗ ಬೂದಿ ಬಣ್ಣದ ಟಗರುಮರಿ ಮೇವು ಮುಟ್ಟದೆ, ಹಿಂಗಾಲು ಅಗಲಿಸಿ ನಿಂತಿತ್ತು. ಬಗ್ಗಿ ನೋಡಿದಳು. ಬೀಜ ಒಡೆಸಿದ್ದರು.

ಆ ಮರಿಗಾಗಿ ಆಕೆ ಪಟ್ಟ ಪಾಡು ಊರಿಗೇ ಗೊತ್ತಿತ್ತು. ಹಿಂದಿನ ವರ್ಷ ತನ್ನ ಒಳ್ಳೆಯ ಕುರಿಯನ್ನು ಸಿರುಗುಪ್ಪ ದಾಟಿಸಿ, ಹೊಳೆದಂಡೆಯ ಕೆಂಚನಗುಡ್ಡದವರೆಗೆ ನಡೆಸಿಕೊಂಡು ಹೋಗಿ, ಅಲ್ಲಿನ ಅಯ್ಯಣ್ಣನ ಭಾರೀ ಟಗರಿಗೆ ಕೂಡಿಸಿ ತಂದಿದ್ದಳು. ಕುರಿಗೂ ಸಂಬಂಧ ಹುಡುಕುತ್ತಾಳೆ ಎಂದು ಜನ ನಕ್ಕಿದ್ದರು. ನಗಲಿ. ಬಳ್ಳಾರಿ ಕಂಟೋನ್ಮೆಂಟಿನ ದನದ ಡಾಕ್ಟರು ಹೇಳಿದ್ದು ಆಕೆಯ ತಲೆಯಲ್ಲಿ ಕೂತುಬಿಟ್ಟಿತ್ತು: ಮರಿಗೆ ಅರ್ಧ ಗುಣ ತಾಯಿಯದು, ಅರ್ಧ ತಂದೆಯದು; ತಾಯಿ ತಾನು ಹೆತ್ತ ಮರಿಯನ್ನಷ್ಟೇ ತಿದ್ದೀತು, ಟಗರು ಇಡೀ ಹಿಂಡನ್ನೇ ತಿದ್ದುತ್ತದೆ. ಬೂದಿ ಮರಿ ಆರೇ ತಿಂಗಳಿಗೆ ವರ್ಷದ ಟಗರಿನಷ್ಟು ಮೈ ತುಂಬಿಕೊಂಡಿತ್ತು. ಮುಂದಿನ ಮರಿಗಳೆಲ್ಲ ಇದರವೇ ಆಗಬೇಕೆಂದು ಕಾದಿದ್ದಳು.

ಒಡೆಸಿದವನು ಮೈದುನ ಮಾರೆಣ್ಣ. ಆಕೆಯ ಗಂಡ ತೀರಿದ ಮೇಲೆ ಹಿಂಡು ಇಬ್ಬರಿಗೂ ಸೇರಿದ್ದು. ಒಡೆಸಿದರೆ ಬೇಗ ಕೊಬ್ಬುತ್ತದೆ, ಬಳ್ಳಾರಿಯ ಕಟುಕ ಕರೀಮಸಾಬ್ ಕಣ್ಣಿಗೊತ್ತಿಕೊಂಡು ಒಯ್ಯುತ್ತಾನೆ ಎಂದ. ಅವನೊಬ್ಬನೇ ಅಲ್ಲ, ಸುತ್ತಲ ಹಟ್ಟಿಯವರೆಲ್ಲ ಚೆನ್ನಾಗಿ ಬೆಳೆದದ್ದನ್ನು ಒಡೆಸಿ ಮಾರುತ್ತಿದ್ದರು. ಬಡಕಲಿಗೆ ಒಡೆಸುವ ಕೂಲಿ ದಂಡವೆಂದು ಅದನ್ನು ಹಾಗೇ ಬಿಡುತ್ತಿದ್ದರು. ಹಿಂಡಿಗೆಲ್ಲ ಅಪ್ಪನಾಗುತ್ತಿದ್ದುದು ಆ ಬಡಕಲೇ.

“ಛಲೋದನ್ನೆಲ್ಲ ತಿನ್ನಾಕ ಕಳಸ್ತೀರಿ, ಕೆಟ್ಟದ್ದನ್ನ ಹುಟ್ಟಸಾಕ ಇಟಗೊಂತೀರಿ,” ಎಂದಳು ಯಂಕಮ್ಮ. “ಆಮ್ಯಾಲೆ ಮರಿ ಸಣ್ಣವು ಅಂತ ದೇವ್ರನ್ನ ಬೈತೀರಿ.”

“ಪೈಲ್ವಾನ ಅದಾನಲ್ಲ ಅತಿಗಿ. ಸಿರುಗುಪ್ಪದಾಗ ಗೆದ್ದು ಬಂದಾನ.”

ಪೈಲ್ವಾನ ಅವನ ಕಾಳಗದ ಟಗರು; ಹಿಂಡಿನಲ್ಲಿ ಒಡೆಸದೆ ಉಳಿದದ್ದು ಈಗ ಅದೊಂದೇ. ಕೋಡು ಎರಡು ಸುತ್ತು, ಪಕ್ಕೆಲುಬು ಎಣಿಸಬಹುದು.

“ಕೋಡು ಬೇಯಿಸ್ಕೊಂಡು ತಿಂತಾರೇನಲೇ?”

ಮಾರೆಣ್ಣ ನಕ್ಕ. ಒಡೆದದ್ದನ್ನು ತಿರುಗಿ ಕೂಡಿಸಲಿಕ್ಕಾಗುತ್ತದೆಯೇ ಎಂದು ಕೇಳಿ, ಮರುದಿನ ಹೊಸ ಕಾಳಗ ಗೊತ್ತುಮಾಡಲು ಸಿರುಗುಪ್ಪಕ್ಕೆ ಹೊರಟ. ಆ ನಗೆಯೇ ಆಕೆಯನ್ನು ಉರಿಸಿತು. ಅವನು ಮರೆಯಾದದ್ದೇ, ಬೂದಿ ಮರಿಯ ಬೀಜ ಒಡೆದಿದ್ದ ಜೋಗಪ್ಪನನ್ನೇ ಪಕ್ಕದ ಹಟ್ಟಿಯಿಂದ ಕರೆಸಿ, ಪೈಲ್ವಾನನನ್ನು ತೋರಿಸಿದಳು. ಮಾರೆಣ್ಣ ತನ್ನ ಕಾಲು ಮುರಿಯುತ್ತಾನೆ ಎಂದು ಜೋಗಪ್ಪ ಹಿಂದೆ ಸರಿದ.

“ನಿನ್ನೆ ನನ್ನ ಕೇಳಿದ್ಯಾ? ಇವತ್ತು ಅವನ್ನ ಕೇಳಬ್ಯಾಡ.”

ಕೋಡು ತಾನೇ ಹಿಡಿದಳು.

ಸಂಜೆ ಬಂದ ಮಾರೆಣ್ಣ ಟಗರನ್ನು ನೋಡಿ ಕೋಲು ಎತ್ತಿದ. ಯಂಕಮ್ಮ ಇದ್ದಲ್ಲಿಂದ ಕದಲಲಿಲ್ಲ. ಹಟ್ಟಿಯವರು ನಡುವೆ ಬಂದರು.

“ಕುರಿ ಬೆದೆಗೆ ಬಂದಾವ,” ಎಂದು ಅವನು ಕೂಗಿದ. “ಹಿಂಡಿನಾಗ ಒಂದು ಗಂಡಿಲ್ಲ. ಇನ್ನ ಗಬ್ಬ ಆಗೋದು ಹೆಂಗ?”

“ಕೆಂಚನಗುಡ್ಡಕ್ಕ ಹೊಡ್ಕೊಂಡು ನಡಿ. ದಾರಿ ನಾ ತೋರಸ್ತೀನಿ.”

ಬೆದೆಯ ಹೊತ್ತಿನಲ್ಲಿ ನೆರೆಯವರು ತಮ್ಮ ಟಗರು ಬಿಟ್ಟುಕೊಡುವವರಲ್ಲ; ಬೇರೆ ದಾರಿ ಅವನಿಗೂ ಇರಲಿಲ್ಲ. ಬೆಳಗಾದ ಮೇಲೆ ಹಿಂಡು ಹೊರಟಿತು. ಮುಂದೆ ಮಾರೆಣ್ಣ. ಹಿಂದೆ ಯಂಕಮ್ಮ. ಗೆದ್ದೆನೆಂಬ ಸಮಾಧಾನ ಆಕೆಯ ಮುಖದಲ್ಲಿರಲಿಲ್ಲ. ಕುಂಟುತ್ತಿದ್ದ ಬೂದಿ ಟಗರು ಕಣ್ಣಿಗೆ ಬಿದ್ದಾಗಲೆಲ್ಲ ಮಾರೆಣ್ಣನ ಬೆನ್ನಿಗೆ ಹೊಸದೊಂದು ಬೈಗುಳ ಬೀಳುತ್ತಿತ್ತು. ಸಿರುಗುಪ್ಪ ದಾಟಿದರೂ ಅವು ಮುಗಿದಿರಲಿಲ್ಲ.