ನಾಗಕ್ಕನ ಮೂರು ಲೀಟರಿನ ಜಗ್ಗು

ಹದಿಮೂರನೆಯ ದಿನದ ಉತ್ತರಕ್ರಿಯೆ, ಬೊಜ್ಜ, ಮುಗಿದ ಮರುದಿನ ಶರಣ್ಯಾ ಎದ್ದಾಗ ಮನೆಯಲ್ಲಿ ಅತ್ತೆ ವನಜ ಒಬ್ಬರೇ ಇದ್ದರು. ಬಾಡಿಗೆಯ ಕುರ್ಚಿಗಳನ್ನೂ ಹೊತ್ತುಕೊಂಡು ಹೋಗಿಯಾಗಿತ್ತು. ಗಂಡ ರತನ್ ತಲ್ಲೂರಿನ ಹೈವೇಯಲ್ಲಿ ಬೈಕಿನಿಂದ ಬಿದ್ದು ತೀರಿಕೊಂಡು ಹದಿನಾಲ್ಕು ದಿನ. ಅವಳಿಗೆ ಅಳು ಬರಲಿಲ್ಲ, ಚಳಿ ಬಂತು. ಸೊಂಟದ ಮೇಲೆ, ಬಲಬದಿಗೆ, ಮೂರು ದಿನದಿಂದಿದ್ದ ನೋವು ಈಗ ಬಗ್ಗಲೂ ಬಿಡುತ್ತಿರಲಿಲ್ಲ.

"ಚಾಪಿ ಮೇಲೆ ಕೂತ್ ಕೂತ್ ಸೊಂಟ ಹಿಡ್ದದ್. ಬಾ, ಎಣ್ಣಿ ತಿಕ್ತೆ" ಎಂದರು ಅತ್ತೆ.

ಎಣ್ಣೆ ತಿಕ್ಕಿಯೂ ಆಯಿತು. ಹೊತ್ತು ಏರುವಷ್ಟರಲ್ಲಿ ಮೈ ಕೆಂಡ. ಉರಿಮೂತ್ರ, ಚಳಿಜ್ವರ, ಬೆನ್ನಿನ ಒಂದೇ ಬದಿಯ ನೋವು: ಎಂಎಸ್ಸಿ ಓದಿದವಳಿಗೆ ಅದು ಕಿಡ್ನಿಯ ಸೋಂಕಿರಬಹುದೆಂದು ಹೊಳೆಯದೆ ಇರಲಿಲ್ಲ. ಬಾಯಿ ಮಾತ್ರ ಬಿಡಲಿಲ್ಲ. ಆಸ್ಪತ್ರೆಯಲ್ಲಿ ಮಲಗಿಸಿದರೆ? ಹಂಗಾರಕಟ್ಟೆಯ ಐಸ್ ಪ್ಲಾಂಟಿನ ಕೆಲಸದಿಂದ ಸಿಗುತ್ತಿದ್ದ ವಿಮೆ ರತನ್ ಜೊತೆಗೇ ಮುಗಿದಿತ್ತು.

"ಹ್ವಾಯ್, ವನಜಕ್ಕ! ಬಂಗುಡೆ ಬೇಕಾ?"

ಮೀನು ಮಾರುವ ಆಚೆಮನೆಯ ನಾಗಕ್ಕ. ಬೊಜ್ಜದೊಂದಿಗೆ ಸೂತಕ ಕಳೆದ ಮನೆಗೆ ಮತ್ತೆ ಮೀನು ತಂದಿದ್ದಳು. ಬುಟ್ಟಿ ಇಳಿಸಿದವಳೇ ಶರಣ್ಯಾಳ ಹಣೆ ಮುಟ್ಟಿದಳು.

"ಎಂತ ಹೆಣ್ಣೇ ಇದ್? ನೀರ್ ಕುಡಿತ್ಯಾ ಇಲ್ಯಾ?"

"ಅಂಗಳ ತುಂಬ ಗಂಡಸ್ರ್ ಇದ್ರಲೆ ನಾಗಕ್ಕ. ದಾಟ್ಕಂಡ್ ಬಚ್ಚಲಿಗೆ ಹೋಪುಕೆ ನಾಚ್ಕಿ."

ಹೋಗಬೇಕಾಗದಿರಲೆಂದು ಶರಣ್ಯಾ ಹದಿಮೂರು ದಿನ ನೀರು ಮುಟ್ಟಿದ್ದೇ ಕಡಿಮೆ.

"ಬೆಂಕಿ ಬೀಳ್ಲಿ ನಿನ್ನ ನಾಚ್ಕಿಗೆ! ನೀನೆಂತ ಒಣ್ಮೀನಾ, ನೀರಿಲ್ದೆ ಇಪ್ಪುಕೆ? ಹೊರಡ್, ಸರ್ಕಾರಿ ಆಸ್ಪತ್ರಿಗೆ ಹೋಪ."

"ಅಡ್ಮಿಟ್ ಆಯ್ಕ್ ಅಂದ್ರೆ?"

"ಅಂದ್ರೆ ಕಾಂಬ."

ಬ್ರಹ್ಮಾವರದಲ್ಲಿ ಡಾಕ್ಟರಮ್ಮ ಬೆನ್ನಿಗೆ ಮುಷ್ಟಿಯಿಂದ ಮೆಲ್ಲಗೆ ತಟ್ಟಿದರು. ಶರಣ್ಯಾ ಕೂಗಿಕೊಂಡಳು. ಹದಿನಾಲ್ಕು ದಿನದಲ್ಲಿ ಅವಳ ಬಾಯಿಂದ ಬಂದ ದೊಡ್ಡ ಶಬ್ದ ಅದೇ. ಹಿಂದೆಯೇ ಕಣ್ಣೀರೂ ಬಂತು.

"ಇಪ್ಪು ಚೂರ್ ನೀರನ್ನೂ ಹೀಂಗ್ ಕಳಿಬೇಡ ಮಾರಾಯ್ತಿ" ಎಂದು ನಾಗಕ್ಕ ಸೆರಗಿನಿಂದ ಒರೆಸಿದಳು. ಆ ಸೆರಗಿನ ಮೀನಿನ ವಾಸನೆ ಶರಣ್ಯಾಳಿಗೆ ಹಿತವೆನಿಸಿತು.

ಮೂತ್ರ ಪರೀಕ್ಷೆಯ ಚೀಟಿ ನೋಡಿ ಡಾಕ್ಟರಮ್ಮ ಹೇಳಿದರು: "ಸೋಂಕು ಕಿಡ್ನಿವರೆಗೆ ಹೋಗಿರಬಹುದು. ವಾಂತಿ ಇಲ್ಲವಲ್ಲ, ಸದ್ಯ ಮಾತ್ರೆ ಸಾಕು. ಹತ್ತು ದಿನ, ಒಂದೂ ತಪ್ಪಿಸಬೇಡಿ. ದಿನಕ್ಕೆ ಮೂರು ಲೀಟರ್ ನೀರು. ಎರಡು ದಿನದಲ್ಲಿ ಜ್ವರ ಇಳಿಯದಿದ್ದರೆ ಅಡ್ಮಿಟ್ ಆಗಲೇಬೇಕು."

ಅಡುಗೆಮನೆಯ ಮೂಲೆಯಲ್ಲಿ ಒಂದು ನೀಲಿ ಜಗ್ಗು ಇತ್ತು. ಕೆಲಸಕ್ಕೆ ನೀರು ಒಯ್ಯಲು ರತನ್ ನಾಗಕ್ಕನಿಂದ ಕೇಳಿ ತಂದದ್ದು. ಸರಿಯಾಗಿ ಮೂರು ಲೀಟರ್ ಹಿಡಿಯುತ್ತಿತ್ತು. ಶರಣ್ಯಾ ಬೆಳಿಗ್ಗೆ ಅದನ್ನು ತುಂಬಿಸಿದರೆ ಸಂಜೆಗೆ ಅತ್ತೆ ಬೆರಳಿನಿಂದ ತಟ್ಟಿ ನೋಡುತ್ತಿದ್ದರು. "ಅರ್ಧ ಹಾಂಗೇ ಇತ್ತಲೆ!" ಎಂದು ಬೈದು, ಎದುರಿಗೇ ಕೂತು ಕುಡಿಸುತ್ತಿದ್ದರು.

ಎರಡನೆಯ ದಿನ ಸಂಜೆ ಮೈಯೆಲ್ಲ ಬೆವರಿತು. ಜ್ವರ ಇಳಿಯಿತು. ಅವಳು ಬಂಗುಡೆ ಸಾರಿನಲ್ಲಿ ಎರಡು ಸಲ ಅನ್ನ ಕಲಸಿಕೊಂಡು ಉಂಡಳು. ಅತ್ತೆ ಇನ್ನೊಂದು ಮೀನು ಹಾಕಿದರು.

ಕೊನೆಯ ಮಾತ್ರೆ ನುಂಗಿದ ಮರುದಿನ ಅವಳು ನಾಗಕ್ಕನಿಗೆ ಹಿಂದಿರುಗಿಸಲು ಜಗ್ಗನ್ನು ತಿಕ್ಕಿ ತೊಳೆದಳು.

"ಪಾತ್ರಿ ಖಾಲಿ ಕೊಡೂಕಾಗ" ಎಂದರು ಅತ್ತೆ. "ಆದ್ರೆ ವರ್ಷಾಂತದ ತಿಥಿ ಆಗ್ದೆ ನಮ್ಮನಿಯಿಂದ ಸಿಹಿ ಕೊಡೂಕೂ ಆಗ."

ಶರಣ್ಯಾ ಬಾವಿಕಟ್ಟೆಗೆ ನಡೆದಳು. ಬಾವಿಗೆ ಕೊಡಪಾನ ಇಳಿಸಿ, ಸೇದಿ, ಜಗ್ಗನ್ನು ಕಂಠದವರೆಗೆ ತುಂಬಿಸಿದಳು. ಎತ್ತುವಾಗ ಸೊಂಟ ತಕರಾರು ಮಾಡಲಿಲ್ಲ.

ನಾಗಕ್ಕ ಮೀನಿನ ಬುಟ್ಟಿ ಸಜ್ಜು ಮಾಡುತ್ತಿದ್ದಳು. "ಎಂತ ಹೊತ್ಕಂಡ್ ಬಂದ್ಯೆ?"

"ನಿಮ್ ಜಗ್ಗ್. ಇವ್ರ್ ತಂದದ್. ಕೊಡೂಕೆ ತಡ ಆಯ್ತ್."

ನಾಗಕ್ಕ ಮುಚ್ಚಳ ತೆಗೆದು ಒಳಗೆ ನೋಡಿದಳು. ಜಗ್ಗನ್ನು ಎರಡೂ ಕೈಯಿಂದ ಎತ್ತಿ ಗಟಗಟ ಕುಡಿದಳು.

"ತಂಪಿತ್ತ್" ಎಂದು ಬಾಯಿ ಒರೆಸಿಕೊಂಡು, ಅದನ್ನು ಬುಟ್ಟಿಯ ಪಕ್ಕದಲ್ಲಿಟ್ಟುಕೊಂಡಳು.